ಹೆರಿಗೆಯಲ್ಲಿ ಹರಿದ ಗಾಯ, ಹೊಲಿಗೆ ಕಡಿಮೆಯಾಗಲು ಕೊನೆಯ ಆರು ವಾರಗಳ ಸಿದ್ಧತೆ

ನಮ್ಮ ಕಲಬುರಗಿ ಕಡೆ ಬಾಣಂತಿಯನ್ನು ನೋಡಲು ಬಂದ ಹೆಂಗಸರು ಕೂಸಿನ ತೂಕ ಕೇಳಿದ ಮೇಲೆ ದನಿ ತಗ್ಗಿಸಿ, ‘ಹೊಲಿಗಿ ಎಷ್ಟು ಬಿದ್ದಾವ?’ ಎಂದು ವಿಚಾರಿಸುತ್ತಾರೆ. ನನ್ನ ಮೊದಲ ಹೆರಿಗೆಯ ನಂತರ ಎರಡು ವಾರ ನೆಟ್ಟಗೆ ಕುಳಿತು ಕೂಸಿಗೆ ಹಾಲೂಡಿಸಲು ಆಗದಿದ್ದಾಗ ನನ್ನನ್ನೂ ಹೀಗೆಯೇ ಕೇಳಿದರು. ಆದರೆ ಕುಬಸ ಮುಗಿಸಿ ತವರಿಗೆ ಬಂದು ಎರಡು ತಿಂಗಳು ಕಳೆದಿದ್ದರೂ, ಆ ಭಾಗವನ್ನು ಮೊದಲೇ ಸಿದ್ಧಗೊಳಿಸಬಹುದೆಂದು ಯಾರೂ ನನಗೆ ಹೇಳಿರಲಿಲ್ಲ.

ಯೋನಿದ್ವಾರಕ್ಕೂ ಗುದದ್ವಾರಕ್ಕೂ ನಡುವಿನ ಚರ್ಮ ಮತ್ತು ಸ್ನಾಯುಗಳು ಕೂಸಿನ ತಲೆ ಹೊರಬರುವಾಗ ಬಹಳ ಹಿಗ್ಗಬೇಕಾಗುತ್ತದೆ. ಮೊದಲ ಹೆರಿಗೆಯಲ್ಲಿ, ಕೂಸು ದೊಡ್ಡದಿದ್ದಾಗ, ಅಥವಾ ಇಕ್ಕಳ ಹಾಕಿ ಕೂಸನ್ನು ತೆಗೆಯಬೇಕಾದಾಗ ಅಲ್ಲಿ ಹರಿಯುವ ಸಂಭವ ಹೆಚ್ಚು. ಬಹುಪಾಲು ಗಾಯಗಳು ಚರ್ಮ ಮತ್ತು ಅದರ ಕೆಳಗಿನ ಸ್ನಾಯುವಿಗೆ ಸೀಮಿತವಾಗಿದ್ದು ಹೊಲಿಗೆಯಿಂದ ಕೂಡಿಕೊಳ್ಳುತ್ತವೆ. ಗುದದ ಬಿಗಿ ಸ್ನಾಯುವಿನವರೆಗೆ ಹರಿಯುವ ಮೂರನೆಯ ಮತ್ತು ನಾಲ್ಕನೆಯ ಹಂತದ ಗಾಯಗಳು ಕಡಿಮೆ, ಆದರೆ ಅವುಗಳ ತೊಂದರೆ ದೀರ್ಘವಾದದ್ದು.

ಮನೆಯಲ್ಲಿ ಮಾಡಬಹುದಾದ ಸಿದ್ಧತೆಗಳಲ್ಲಿ ಅಧ್ಯಯನಗಳ ಬೆಂಬಲ ಹೆಚ್ಚಾಗಿರುವುದು ಆ ಭಾಗದ ಎಣ್ಣೆ ನೀವುವಿಕೆಗೆ. 35ನೆಯ ವಾರದಿಂದ ವಾರಕ್ಕೆ ಒಂದೆರಡು ಸಲ ಮಾಡಿದರೆ, ಮೊದಲ ಸಲ ಹೆರುವವರಲ್ಲಿ ಹೊಲಿಗೆ ಬೇಕಾಗುವ ಗಾಯವೂ, ಕೂಸು ಬರುವ ದಾರಿ ಅಗಲಿಸಲು ಅಲ್ಲಿ ಕತ್ತರಿ ಹಾಕುವ ಪ್ರಸಂಗವೂ ಕಡಿಮೆಯಾಗುತ್ತವೆ. ಹಿಂದೆ ಸಹಜವಾಗಿ ಹೆತ್ತವರಲ್ಲಿ ಗಾಯ ಅಷ್ಟಾಗಿ ಕಡಿಮೆಯಾಗದಿದ್ದರೂ, ಮೂರು ತಿಂಗಳ ನಂತರವೂ ಉಳಿಯುವ ನೋವು ಕಡಿಮೆಯಾದದ್ದು ಕಂಡುಬಂದಿದೆ. ಹೆಚ್ಚು ಮಾಡಿದರೆ ಹೆಚ್ಚು ಫಲವೆಂದೇನೂ ಇಲ್ಲ, ಆದ್ದರಿಂದ ದಿನವೂ ಮಾಡಿ ದಣಿಯಬೇಕಾಗಿಲ್ಲ.

ಆರಂಭಿಸುವ ಮೊದಲು ವೈದ್ಯರ ಒಪ್ಪಿಗೆ ಅಗತ್ಯ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಅಂದು ತಾಯಿ ಕಾರ್ಡ್ ಹಿಡಿದು ಹೋದಾಗ ಇದನ್ನೂ ಕೇಳಿಬಿಡಿ. ಮಾಸು ಕೆಳಗೆ ಇದ್ದರೆ, ರಕ್ತ ಕಂಡಿದ್ದರೆ, ನೀರು ಹೋಗಿದ್ದರೆ, ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಂಭವವಿದ್ದರೆ, ಇಲ್ಲವೇ ತುರಿಕೆ, ವಾಸನೆಯ ಬಿಳಿಸೆರಗು, ಹುಣ್ಣು ಇದ್ದರೆ ಇದನ್ನು ಮಾಡಲೇಬಾರದು.

ಸ್ನಾನ ಮಾಡಿ ಮೈ ಬೆಚ್ಚಗಿರುವಾಗ, ಮೂತ್ರ ವಿಸರ್ಜನೆ ಮುಗಿಸಿ, ಗೋಡೆಗೆ ದಿಂಬು ಇಟ್ಟು ಒರಗಿ ಮೊಣಕಾಲು ಮಡಿಸಿ ಅಗಲಿಸಿ ಕುಳಿತುಕೊಳ್ಳಿ. ಉಗುರು ಕತ್ತರಿಸಿರಬೇಕು, ಕೈಯನ್ನು ಸೋಪಿನಿಂದ ತೊಳೆದಿರಬೇಕು; ನಮ್ಮ ಮನೆಗಳಲ್ಲಿ ಖಾರ ಕುಟ್ಟಿದ ಅಥವಾ ಹಸಿಮೆಣಸಿನಕಾಯಿ ಹೆಚ್ಚಿದ ಕೈ ಎಷ್ಟು ತೊಳೆದರೂ ಉರಿಯುವುದರಿಂದ, ಆ ಕೆಲಸ ಮಾಡಿದ ದಿನ ಇದನ್ನು ಬಿಡುವುದೇ ಲೇಸು. ಸುಗಂಧ ಬೆರೆಸದ ಶುದ್ಧ ಕೊಬ್ಬರಿ ಎಣ್ಣೆ ಅಥವಾ ಬಾದಾಮಿ ಎಣ್ಣೆ ಸಾಕು. ಎಣ್ಣೆ ಹಚ್ಚಿದ ಹೆಬ್ಬೆರಳುಗಳನ್ನು ಯೋನಿಯೊಳಗೆ ಮೂರು ನಾಲ್ಕು ಸೆಂಟಿಮೀಟರಿನಷ್ಟು ಇಟ್ಟು, ಕೆಳಕ್ಕೆ ಗುದದ ಕಡೆಗೂ ನಂತರ ಎರಡು ಬದಿಗಳಿಗೂ ನಿಧಾನವಾಗಿ ಒತ್ತಿ, ಚುರುಚುರು ಎನ್ನುವ ಸೆಳೆತ ಬಂದಾಗ ಅಲ್ಲಿಯೇ ಒಂದೆರಡು ನಿಮಿಷ ಹಿಡಿಯಿರಿ. ಆಮೇಲೆ ಒಂದು ಬದಿಯಿಂದ ಕೆಳಗಾಗಿ ಇನ್ನೊಂದು ಬದಿಗೆ, ತೊಟ್ಟಿಲಿನ ಬಾಗಿನಂತೆ, ಎರಡು ಮೂರು ನಿಮಿಷ ನೀವಬೇಕು. ಮೇಲ್ಭಾಗದಲ್ಲಿ ಮೂತ್ರದ್ವಾರವಿರುವುದರಿಂದ ಅತ್ತ ಒತ್ತಬಾರದು. ಒಟ್ಟು ಐದರಿಂದ ಹತ್ತು ನಿಮಿಷ ಸಾಕು. ಸೆಳೆತ ಸಹಜ, ನೋವಾದರೆ ನಿಲ್ಲಿಸಬೇಕು. ಹೊಟ್ಟೆ ಅಡ್ಡ ಬಂದು ಕೈ ಎಟುಕದಿದ್ದರೆ, ಮನಸ್ಸು ಒಪ್ಪಿದರೆ ಗಂಡನ ನೆರವು ಪಡೆಯಬಹುದು. ಅವರು ಹೆಬ್ಬೆರಳ ಬದಲು ತೋರುಬೆರಳು ಬಳಸಲಿ. ಈ ಹೊತ್ತಿನಲ್ಲಿ ಉಸಿರು ಬಿಡುತ್ತ ಆ ಸ್ನಾಯುಗಳನ್ನು ಸಡಿಲಿಸುವುದನ್ನು ಕಲಿಯುವುದು ನೀವುವಿಕೆಯಷ್ಟೇ ಮುಖ್ಯವೆಂದು ನನಗೆ ಎರಡನೆಯ ಹೆರಿಗೆಯಲ್ಲಿ ತಿಳಿಯಿತು.

ಕಬ್ಬಿಣದ ಮಾತ್ರೆಗಳನ್ನು ತಪ್ಪಿಸಬೇಡಿ. ರಕ್ತಹೀನತೆ ಇದ್ದರೆ ಗಾಯ ಬೇಗ ಮಾಯುವುದಿಲ್ಲ.

ಇನ್ನು ಹೆರಿಗೆ ಕೋಣೆಯ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯು 2018ರ ಮಾರ್ಗಸೂಚಿಯಲ್ಲಿ ಎಲ್ಲರಿಗೂ ವಾಡಿಕೆಯಂತೆ ಕತ್ತರಿ ಹಾಕುವುದನ್ನೂ, ಕೂಸು ಇಳಿಯಲೆಂದು ಹೊಟ್ಟೆಯ ಮೇಲ್ಭಾಗವನ್ನು ಒತ್ತುವುದನ್ನೂ ಶಿಫಾರಸು ಮಾಡಿಲ್ಲ; ಬದಲಿಗೆ ಬಿಸಿನೀರಲ್ಲಿ ಹಿಂಡಿದ ಬಟ್ಟೆಯ ಶಾಖ, ನೀವುವಿಕೆ, ತಲೆ ಹೊರಬರುವಾಗ ಕೈ ಆಸರೆ ಕೊಡುವುದು ಇವುಗಳನ್ನು ಹೇಳಿದೆ. ಕೂಸಿನ ಜೀವಕ್ಕೆ ಅಪಾಯವಿದ್ದಾಗ ಕತ್ತರಿ ಅನಿವಾರ್ಯವಾಗಬಹುದು ಎಂಬುದನ್ನೂ ಒಪ್ಪಲೇಬೇಕು. ಕಲಬುರಗಿ, ಬೀದರ್, ಯಾದಗಿರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಗಳ ಆಸ್ಪತ್ರೆಯಾಗಲಿ, ತಾಲ್ಲೂಕಿನ ಆಸ್ಪತ್ರೆಯಾಗಲಿ, ಬೇನೆ ಹತ್ತುವ ಮುನ್ನವೇ ಅಲ್ಲಿನ ವೈದ್ಯರನ್ನೂ ಸಿಸ್ಟರನ್ನೂ ಇವುಗಳ ಬಗ್ಗೆ ವಿನಯದಿಂದ ಕೇಳಿರಿ. ಬೇನೆಯ ನಡುವೆ ಕೇಳುವ ಶಕ್ತಿ ನಮಗಿರುವುದಿಲ್ಲ. ಅದಕ್ಕಾಗಿ ಜೊತೆಗೆ ಬರುವ ಅವ್ವನಿಗೋ ಅಕ್ಕನಿಗೋ ಇದೆಲ್ಲ ಗೊತ್ತಿರಲಿ. ಸಾಧ್ಯವಿದ್ದರೆ ಅಂಗಾತ ಮಲಗುವುದಕ್ಕಿಂತ ಮಗ್ಗುಲಾಗಿ ಮಲಗಿ ಹೆರುವ ಅವಕಾಶ ಕೇಳಿ, ಮತ್ತು ತಲೆ ಕಾಣಿಸಿಕೊಂಡು ಉರಿ ಹತ್ತಿದಾಗ ತಿಣುಕುವುದನ್ನು ನಿಲ್ಲಿಸಿ ಬಾಯಿಂದ ಸಣ್ಣ ಸಣ್ಣ ಉಸಿರು ಬಿಡುತ್ತ ಸಿಸ್ಟರ್ ಹೇಳಿದಂತೆ ನಿಧಾನವಾಗಿ ಹೆರಿ.

ಅವ್ವನೊಂದಿಗೆ ಈಗಲೇ ಮಾತಾಡಿಕೊಳ್ಳಬೇಕಾದ ಇನ್ನೊಂದು ವಿಷಯವಿದೆ. ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿ ನಮ್ಮಲ್ಲಿ ಇನ್ನೂ ಇದೆ; ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಅದರಿಂದ ಮಲ ಗಟ್ಟಿಯಾಗಿ, ಹಸಿ ಹೊಲಿಗೆಯ ಮೇಲೆ ಒತ್ತಡ ಬೀಳುತ್ತದೆ. ಕಾಯಿಸಿ ಆರಿಸಿದ ನೀರು, ತೊಗರಿ ಬೇಳೆಯ ಕಟ್ಟು, ಬೇಯಿಸಿದ ಸೊಪ್ಪು ಧಾರಾಳವಾಗಿ ಸಿಗಬೇಕೆಂದು ಅವ್ವನಿಗೆ ಮೊದಲೇ ಹೇಳಿ ಒಪ್ಪಿಸಿಡಿ.