10ನೇ ಫಿಬೊನಾಚಿ ಸಂಖ್ಯೆಗೆ ಮೂರು ಉತ್ತರ

ಬಿಡುವಿನಲ್ಲಿ ಒಂದು ಚಿಕ್ಕ ಟೂಲ್ ಬರೆದಿದ್ದೆ. ಫಿಬೊನಾಚಿ (ಹಿಂದಿನ ಎರಡನ್ನು ಕೂಡಿಸಿದರೆ ಮುಂದಿನದು), ಅವಿಭಾಜ್ಯ ಸಂಖ್ಯೆ ಇಂಥ ಕೆಲವು ಶ್ರೇಢಿಗಳಲ್ಲಿ ಬೇಕಾದ ಪದವನ್ನು ಲೆಕ್ಕ ಹಾಕಿ ಕೊಡುತ್ತದೆ. ನಾಲ್ಕೈದು ಸಂಖ್ಯೆ ಕೊಟ್ಟರೆ ಅದು ಯಾವ ಶ್ರೇಢಿ ಇರಬಹುದು ಅಂತಲೂ ಹುಡುಕುತ್ತದೆ. ಅದನ್ನು ಎಐ ಏಜೆಂಟ್ ಒಂದಕ್ಕೆ, ಅಂದರೆ ಬೇಕಾದಾಗ ಟೂಲ್‌ಗಳನ್ನು ತಾನೇ ಬಳಸಿ ಉತ್ತರಿಸುವ ಎಐಗೆ, ಜೋಡಿಸಿದೆ. ಕೋಡ್‌ಗೆ ಎರಡು ದಿನ ಹಿಡಿಯಿತು. ಟೂಲನ್ನು ಹೇಗೆ ಬಳಸಬೇಕೆಂದು ಏಜೆಂಟ್ ಓದಿಕೊಳ್ಳುವ ವಿವರಣೆ ಮಾತ್ರ ಒಂದೇ ಸಾಲು: 'ಎನ್‌ನೇ ಫಿಬೊನಾಚಿ ಸಂಖ್ಯೆಯನ್ನು ಕೊಡುತ್ತದೆ.' ಇದಕ್ಕಿಂತ ಜಾಸ್ತಿ ಏನು ಬರೆಯುವುದು ಅಂದುಕೊಂಡೆ.

ಆಮೇಲೆ '10ನೇ ಫಿಬೊನಾಚಿ ಸಂಖ್ಯೆ ಎಷ್ಟು?' ಎಂದು ಏಜೆಂಟನ್ನು ಕೇಳಿದೆ. ಒಮ್ಮೆ 55 ಎಂದಿತು. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ 34 ಎಂದಿತು. ಟೂಲ್ ಕೆಟ್ಟಿದೆ ಎಂದು ಕೋಡ್ ಜಾಲಾಡಿದೆ. ಕೆಟ್ಟಿರಲಿಲ್ಲ. ಶ್ರೇಢಿಯನ್ನು 0, 1, 1, 2 ಎಂದು ಬರೆದು, ಆ 0 ಅನ್ನೇ ಮೊದಲನೆಯದು ಎಂದು ಎಣಿಸಿದರೆ ಹತ್ತನೆಯದು 34. ಅದನ್ನು ಸೊನ್ನೆಯನೆಯದು ಎಂದು ಎಣಿಸಿದರೆ 55. ಏಜೆಂಟ್ ಒಮ್ಮೆ 10 ಕಳಿಸಿತ್ತು, ಇನ್ನೊಮ್ಮೆ 9.

ಮೂರನೆಯ ಲೆಕ್ಕವೂ ಇದೆ, ಅದು ನಮ್ಮದೇ. ಹೈಸ್ಕೂಲಿನಲ್ಲಿ ಲಘು-ಗುರು ಹಾಕಿದ್ದು ನೆನಪಿದೆ ಅಲ್ವಾ? ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. 3 ಮಾತ್ರೆಯ ಗಣವನ್ನು 3 ಬಗೆಯಲ್ಲಿ ಕಟ್ಟಬಹುದು, 4 ಮಾತ್ರೆಯದನ್ನು 5 ಬಗೆಯಲ್ಲಿ. ಹೀಗೆ 1, 2, 3, 5, 8 ಎಂದು ಸಾಗುತ್ತದೆ. ಸುಮಾರು 1150ರಲ್ಲಿ ಜೈನ ವಿದ್ವಾಂಸ ಹೇಮಚಂದ್ರ ಛಂದಸ್ಸಿನ ಲೆಕ್ಕದಲ್ಲಿ ಇದನ್ನು ವಿವರಿಸಿದ್ದ, ಅವನಿಗೂ ಮೊದಲು ವಿರಹಾಂಕ ಎಂಬ ಛಂದಸ್ಸಿನ ಪಂಡಿತ. ಈ ಎಣಿಕೆಯಲ್ಲಿ 10 ಮಾತ್ರೆಗೆ ಸಿಗುವುದು 89. ಒಂದೇ ಪ್ರಶ್ನೆ, 34, 55, 89 ಮೂರೂ ಸರಿ!

ಮನುಷ್ಯರಾದರೆ 'ಯಾವುದರಿಂದ ಎಣಿಸ್ತೀರಿ?' ಅಂತ ಪಕ್ಕದವರನ್ನು ಕೇಳಿಬಿಡುತ್ತಾರೆ. ಏಜೆಂಟ್ ಕೇಳದೆಯೇ ಊಹಿಸಿಬಿಡುತ್ತದೆ, ಅದೂ ಧೈರ್ಯವಾಗಿ. ಅದು ಎಲ್ಲೆಲ್ಲಿ ಊಹಿಸುತ್ತದೋ ಅಲ್ಲೆಲ್ಲ ಒಂದೊಂದು ಸಾಲು ಬರೆಯುತ್ತಾ ಹೋದೆ.

ಮೊದಲು 'ಎನ್' ಎಂಬ ಹೆಸರನ್ನು 'ಇಂಡೆಕ್ಸ್' ಎಂದು ಬದಲಿಸಿದೆ. 'ಎಣಿಕೆ 0ಯಿಂದ ಶುರು' ಎಂದು ಬರೆದೆ. ಉದಾಹರಣೆಗೆ '5 ಕೊಟ್ಟರೆ 5' ಎಂದು ಹಾಕಿದೆ. ಇದಕ್ಕಿಂತ ಕೆಟ್ಟ ಉದಾಹರಣೆ ಹುಡುಕಿದರೂ ಸಿಗಲಿಕ್ಕಿಲ್ಲ. ಕೊಟ್ಟಿದ್ದನ್ನೇ ವಾಪಸ್ ಕೊಡುವ ಟೂಲ್ ಇದು ಅನ್ನಿಸುತ್ತದೆ. ಈಗ ಅಲ್ಲಿರುವುದು: 0ಗೆ 0, 1ಕ್ಕೆ 1, 2ಕ್ಕೆ 1, 10ಕ್ಕೆ 55.

ಅವಿಭಾಜ್ಯ ಸಂಖ್ಯೆಗಳಲ್ಲಿ ಮತ್ತೆ ಎಡವಿದೆ. ಮೊದಲನೆಯದು 2 ಎಂದೇ ಎಲ್ಲರೂ ಹೇಳುವುದು, ಹಾಗಾಗಿ ಅಲ್ಲಿ ಎಣಿಕೆ 1ರಿಂದ. ಒಂದೇ ಟೂಲ್, ಎರಡು ಥರದ ಆರಂಭ. ಗಣಿತಜ್ಞ ನೀಲ್ ಸ್ಲೋನ್ 1964ರಲ್ಲಿ ಸಂಗ್ರಹಿಸಲು ಶುರು ಮಾಡಿ, ಈಗ ಆನ್‌ಲೈನ್‌ನಲ್ಲಿರುವ ಶ್ರೇಢಿಗಳ ವಿಶ್ವಕೋಶ ಓಇಐಎಸ್‌ನಲ್ಲಿ ಪ್ರತಿ ಶ್ರೇಢಿಗೂ ಎಣಿಕೆ ಎಲ್ಲಿಂದ ಶುರು ಎಂದು ಹೇಳುವ 'ಆಫ್‌ಸೆಟ್' ಎಂಬ ಸಾಲು ಇರುತ್ತದೆ. ಫಿಬೊನಾಚಿಗೆ 0, ಅವಿಭಾಜ್ಯಕ್ಕೆ 1. ಆ ಸಾಲು ಯಾಕಿದೆ ಎಂದು ನನಗೆ ಅರ್ಥವಾಗಿದ್ದು ಆಗಲೇ. ನಾನೂ ಪ್ರತಿ ಶ್ರೇಢಿಯ ಮುಂದೆ ಅದನ್ನು ಬರೆದೆ.

ಮುಂದಿನ ತೊಂದರೆ ಕಣ್ಣಿಗೇ ಬೀಳಲಿಲ್ಲ. ಫಿಬೊನಾಚಿಯ 79ನೇ ಪದ 14472334024676221. ಟೂಲ್ ಬರೆದ ಪೈಥಾನ್ ಭಾಷೆ ಸರಿಯಾಗಿಯೇ ಕೊಟ್ಟಿತ್ತು. ಉತ್ತರ ಪಡೆಯುವ ಆಚೆ ಬದಿಯಲ್ಲಿ ಜಾವಾಸ್ಕ್ರಿಪ್ಟ್ ಎಂಬ ಇನ್ನೊಂದು ಭಾಷೆ ಅದನ್ನು ಓದಿಕೊಂಡಾಗ ಕೊನೆಯ 1 ಹೋಗಿ 0 ಆಯಿತು. 9007199254740991 ದಾಟಿದ ಪೂರ್ಣಾಂಕಗಳು ಅಲ್ಲಿ ಸರಿಯಾಗಿ ಉಳಿಯುತ್ತವೆ ಎಂಬ ಖಾತರಿ ಇಲ್ಲ. 78ನೇ ಪದದವರೆಗೆ ಎಲ್ಲ ಸರಿಯಿದ್ದಿದ್ದರಿಂದ ಪರೀಕ್ಷೆಗಳೆಲ್ಲ ಪಾಸಾಗಿದ್ದವು. ಈಗ ಉತ್ತರ ಸ್ಟ್ರಿಂಗ್ ಆಗಿ, ಅಂದರೆ ಬರಿಯ ಅಕ್ಷರಗಳ ಸಾಲಾಗಿ ಹೋಗುತ್ತದೆ. ವಿವರಣೆಯಲ್ಲೂ 'ಇದನ್ನು ಸಂಖ್ಯೆಯಾಗಿ ಬದಲಿಸಬೇಡಿ, ಇದ್ದ ಹಾಗೇ ತೋರಿಸಿ' ಎಂದು ಬರೆದಿದ್ದೇನೆ.

ಹುಡುಕುವ ಭಾಗಕ್ಕೆ 'ಏನು ಮಾಡುವುದಿಲ್ಲ' ಎಂಬುದನ್ನೇ ಜಾಸ್ತಿ ಬರೆಯಬೇಕಾಯಿತು. 1, 2, 4, 8, 16 ಕೊಟ್ಟರೆ ಮುಂದಿನದು 32 ಎಂದು ಏಜೆಂಟ್ ಖಚಿತವಾಗಿ ಹೇಳುತ್ತಿತ್ತು. ಆದರೆ ವೃತ್ತದ ಮೇಲೆ ಬಿಂದುಗಳನ್ನಿಟ್ಟು, ಎಲ್ಲವನ್ನೂ ಗೆರೆಯಿಂದ ಜೋಡಿಸಿದರೆ ಒಳಗೆ ಹೆಚ್ಚೆಂದರೆ ಎಷ್ಟು ಭಾಗ ಆಗುತ್ತವೆ ಎಂಬ ಶ್ರೇಢಿಯೂ ಹೀಗೇ ಶುರುವಾಗುತ್ತದೆ. ಅಲ್ಲಿ 6ನೇ ಬಿಂದುವಿಗೆ ಬರುವುದು 31. ಹಾಗಾಗಿ 'ಇವು ಹೊಂದುವ ಸಾಧ್ಯತೆಗಳು ಮಾತ್ರ. ಒಂದಕ್ಕಿಂತ ಹೆಚ್ಚಿದ್ದರೆ ಎಲ್ಲವನ್ನೂ ಬಳಕೆದಾರರಿಗೆ ತೋರಿಸಿ, ಇನ್ನಷ್ಟು ಪದ ಕೇಳಿ' ಎಂದು ಸೇರಿಸಿದೆ.

ಎರರ್ ಸಂದೇಶವೂ ವಿವರಣೆಯೇ ಎಂಬುದು ತಡವಾಗಿ ಹೊಳೆಯಿತು. 'ತಪ್ಪು ಇನ್‌ಪುಟ್' ಎಂದಷ್ಟೇ ಹೇಳಿದರೆ ಏಜೆಂಟ್ ಅದೇ ಕರೆಯನ್ನು ಮತ್ತೆ ಮತ್ತೆ ಮಾಡುತ್ತದೆ. 'ಇಂಡೆಕ್ಸ್ 0 ಅಥವಾ ಹೆಚ್ಚಿರಬೇಕು, ನೀವು ಕಳಿಸಿದ್ದು -3' ಎಂದರೆ ತಾನೇ ತಿದ್ದಿಕೊಳ್ಳುತ್ತದೆ.

ನಡುವೆ ಉತ್ಸಾಹ ಹೆಚ್ಚಾಗಿ ವಿವರಣೆಯಲ್ಲಿ ಫಿಬೊನಾಚಿಗೆ ಅಂಟಿಕೊಂಡ ಮೊಲಗಳ ಕಥೆ, ಚಿನ್ನದ ಅನುಪಾತ ಎಲ್ಲ ತುಂಬಿದ್ದೆ. ಟೂಲ್ ಬಳಸಲಿ ಬಿಡಲಿ, ವಿವರಣೆಯಂತೂ ಪ್ರತಿ ಸಂಭಾಷಣೆಯಲ್ಲೂ ಏಜೆಂಟಿನ ಮುಂದಿರುತ್ತದೆ. ಸುಮ್ನೆ ಭಾರ. ತೆಗೆದುಹಾಕಿದೆ.

ಛಂದಸ್ಸಿನ ಸಾಲೊಂದನ್ನು ಮಾತ್ರ ಉಳಿಸಿಕೊಂಡೆ: 'ಮಾತ್ರೆಗಳ ಲೆಕ್ಕವಾದರೆ ಮಾತ್ರೆಗೆ 1 ಕೂಡಿಸಿ ಇಂಡೆಕ್ಸ್ ಕೊಡಿ.' ಮೊನ್ನೆ 5 ಮಾತ್ರೆಯ ಗಣ ಎಷ್ಟು ಬಗೆ ಎಂದು ಕೇಳಿದೆ. ಏಜೆಂಟ್ 6 ಕಳಿಸಿತು, 8 ಎಂದಿತು. ನಂಬಿಕೆ ಸಾಲದೆ ಚೀಟಿಯ ಮೇಲೆ ಲಘು-ಗುರು ಹಾಕಿ ಎಣಿಸಿದೆ. ಎಂಟೇ ಬಂತು.