ಏರ್ ರೈಫಲ್ ಬಿಚ್ಚಿ ಕಟ್ಟಿದ್ದು: ವೇಗ ಒಂದೇ ಸಮ ಬಂದ ಬಗೆ

ನನ್ನದು ಬ್ಯಾರಲ್ ಮಡಚಿ ಗುಂಡು ತುಂಬುವ ಸಾದಾ ಸ್ಪ್ರಿಂಗ್ ಏರ್ ರೈಫಲ್, 0.177 ಇಂಚು, ಅಂದರೆ 4.5 ಮಿಮೀ. ಒಳಗಿನ ಸ್ಪ್ರಿಂಗ್ ಪಿಸ್ಟನ್ನನ್ನು ನೂಕುತ್ತದೆ, ಪಿಸ್ಟನ್ ಅದುಮಿದ ಗಾಳಿ ಗುಂಡನ್ನು ತಳ್ಳುತ್ತದೆ. 10 ಮೀಟರಿನಲ್ಲಿ ಏನೂ ತಕರಾರಿಲ್ಲ. 25 ಮೀಟರಿಗೆ ಹೋದರೆ ಗುಂಡುಗಳು ಎಡಬಲಕ್ಕೆ ಅಷ್ಟಾಗಿ ಸರಿಯುತ್ತಿರಲಿಲ್ಲ, ಮೇಲೆ ಕೆಳಗೆ ಮಾತ್ರ ಉದ್ದಕ್ಕೆ ಚದುರುತ್ತಿದ್ದವು. ಗುರಿಹಲಗೆಯ ಮೇಲೆ ಹೀಗೆ ನೆಟ್ಟಗೆ ಗೆರೆ ಬಿದ್ದರೆ ಮೊದಲು ಅನುಮಾನಿಸಬೇಕಾದ್ದು ವೇಗವನ್ನು. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೂ, ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟ ಗುಂಡು 25 ಮೀಟರ್ ಮುಟ್ಟುವಷ್ಟರಲ್ಲಿ 77 ಮಿಮೀ ಇಳಿದಿರುತ್ತದೆ. 190ರಲ್ಲಿ ಹೊರಟದ್ದು 85. ಎಂಟು ಮಿಲಿಮೀಟರ್ ವ್ಯತ್ಯಾಸ. ಅದೇ 10 ಮೀಟರಿನಲ್ಲಿ ಒಂದು ಚಿಲ್ಲರೆ ಮಿಲಿಮೀಟರ್, ಕಣ್ಣಿಗೇ ಬೀಳುವುದಿಲ್ಲ.

ಅಳೆಯದೆ ಸ್ಕ್ರೂ ಮುಟ್ಟಬಾರದು ಎಂದು ಮೊದಲು ಕ್ರೋನೋಗ್ರಾಫ್, ಅಂದರೆ ಗುಂಡಿನ ವೇಗ ಅಳೆಯುವ ಸಾಧನ, ಮಾಡಿಕೊಂಡೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ ಇನ್‌ಫ್ರಾರೆಡ್ ಸೆನ್ಸರ್ ಎರಡು ಜೊತೆ, ಒಂದು ಆರ್ಡುಯಿನೋ ಊನೋ (ಪ್ರೋಗ್ರಾಂ ಮಾಡಬಹುದಾದ ಸಣ್ಣ ಎಲೆಕ್ಟ್ರಾನಿಕ್ ಬೋರ್ಡು), ಒಂದು ಪಿವಿಸಿ ಪೈಪು, ಅಷ್ಟೇ. ಸೆನ್ಸರ್‌ಗಳ ನಡುವೆ 30 ಸೆಂಮೀ ಬಿಟ್ಟೆ. 200 ಮೀಟರ್ ವೇಗದ ಗುಂಡು ಅಷ್ಟು ದೂರವನ್ನು 1500 ಮೈಕ್ರೋಸೆಕೆಂಡಿನಲ್ಲಿ ದಾಟುತ್ತದೆ. ಊನೋ ಸಮಯ ಎಣಿಸುವುದು 4 ಮೈಕ್ರೋಸೆಕೆಂಡಿನ ಮೆಟ್ಟಿಲಲ್ಲಿ. ಅಂದರೆ ವೇಗದ ಅಳತೆಯಲ್ಲಿ ಸೆಕೆಂಡಿಗೆ ಅರ್ಧ ಮೀಟರಿನಷ್ಟು ಆಚೀಚೆ. ನನ್ನ ಕೆಲಸಕ್ಕೆ ಧಾರಾಳವಾಯಿತು. ಟ್ಯೂಬ್‌ಲೈಟ್ ಮಾತ್ರ ಆರಿಸಿ. ಕಣ್ಣಿಗೆ ಕಾಣದಿದ್ದರೂ ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ, ಸೆನ್ಸರ್ ಅದನ್ನೇ ಗುಂಡು ಅಂದುಕೊಂಡುಬಿಡುತ್ತದೆ.

ಮೊದಲ ಸರಣಿಯಲ್ಲಿ ವೇಗ ಸೆಕೆಂಡಿಗೆ ಕನಿಷ್ಠ 178 ಮೀಟರ್, ಗರಿಷ್ಠ 203. ನೋಡಿ ತಲೆ ಕೆರೆದುಕೊಂಡೆ.

ರೈಫಲ್ ಬಿಚ್ಚುವ ಮೊದಲು ಗುಂಡುಗಳನ್ನು ತೂಗಿದ್ದು ಒಳ್ಳೆಯದಾಯಿತು. ಅಗ್ಗದ ಡಬ್ಬಿಯಲ್ಲಿ 0.50 ಗ್ರಾಮಿನಿಂದ 0.56 ಗ್ರಾಮಿನವರೆಗೆ ಎಲ್ಲ ಜಾತಿಯೂ ಇದ್ದವು. ಸ್ಪ್ರಿಂಗ್ ಕೊಡುವ ಶಕ್ತಿ ಒಂದೇ ಎಂದು ಹಿಡಿದರೂ ಈ ತೂಕದ ಅಂತರವೊಂದೇ ವೇಗದಲ್ಲಿ 11 ಮೀಟರಿನಷ್ಟು ಹೆಚ್ಚುಕಮ್ಮಿ ಮಾಡುತ್ತದೆ. ಅರ್ಧ ರೋಗ ಡಬ್ಬಿಯಲ್ಲೇ ಇತ್ತು! 0.53 ಗ್ರಾಮಿನ ಆಸುಪಾಸಿನವನ್ನು ಬೇರೆ ಮಾಡಿ, ಹಿಂಭಾಗದ ಅಂಚು ನೆಗ್ಗಿದವನ್ನು ಎಸೆದೆ. ತುಂಬುವಾಗ ಹೆಬ್ಬೆರಳಿಗೇ ಗೊತ್ತಾಗುತ್ತದೆ: ಕೆಲವು ತಾವಾಗಿ ಜಾರುತ್ತವೆ, ಕೆಲವು ಒತ್ತಿದರೆ ಮಾತ್ರ ಕೂರುತ್ತವೆ. ಜಾರುವವು ನನಗೆ ಬೇಡ.

ಆಮೇಲೆ ಸೋರಿಕೆ. ಬ್ಯಾರಲ್ ಬಂದು ಕೂರುವ ಸಂದಿಯ ಮೇಲೆ ಟಿಶ್ಯೂ ಕಾಗದದ ಸಣ್ಣ ಪಟ್ಟಿ ಇಟ್ಟು, ಗುಂಡು ತುಂಬಿ, ಹಿಂದೆ ಭದ್ರವಾದ ತಡೆ ಇರುವ ಗುರಿಗೆ ಹೊಡೆದೆ. ಪಟ್ಟಿ ಸುಮ್ಮನಿರಬೇಕಿತ್ತು. ನನ್ನದು ಹಾರಿ ಟೇಬಲ್ ಕೆಳಗೆ ಬಿತ್ತು. ಆ ಜಾಗದ ರಬ್ಬರ್ ಓ-ರಿಂಗ್ ತೆಗೆದು ಬೆಳಕಿಗೆ ಹಿಡಿದರೆ ಒಂದು ಬದಿ ಚಪ್ಪಟೆ. ಹೊಸದು ಹಾಕಿ, ಅಡಿಗೆ ತೆಳು ಹಿತ್ತಾಳೆ ಹಾಳೆಯ ಬಳೆ ಕತ್ತರಿಸಿ ಕೂರಿಸಿ, ಲೋಹದಿಂದ ಕೂದಲೆಳೆಯಷ್ಟು ಮೇಲೆ ನಿಲ್ಲುವ ಹಾಗೆ ಮಾಡಿದೆ. ಸರಾಸರಿ ವೇಗ 200 ದಾಟಿತು. ಹತ್ತು ರೂಪಾಯಿಯ ರಬ್ಬರಿನಿಂದ ಬಂದದ್ದು ಅಷ್ಟೂ.

ಒಳಗಡೆಯ ಕೆಲಸಕ್ಕೆ ಕೈ ಹಾಕುವವರಿಗೆ ಒಂದು ಮಾತು. ಬಂದೂಕು ಕಾಕ್ ಮಾಡದೇ (ಬ್ಯಾರಲ್ ಮಡಚಿ ಹೊಡೆಯಲು ಸಜ್ಜು ಮಾಡದೇ) ಇದ್ದರೂ ಸ್ಪ್ರಿಂಗ್ ಒಳಗೆ ಅದುಮಿಕೊಂಡೇ ಇರುತ್ತದೆ. ಪಿನ್ ತೆಗೆದ ಕೂಡಲೇ ಎದೆಗೆ ಬಂದು ಬಡಿಯಬಹುದು. ಮರದ ಹಲಗೆ, ಉದ್ದನೆಯ ಕ್ಲ್ಯಾಂಪ್ ಸೇರಿಸಿ ಒಂದು ಜಿಗ್ (ಬಿಗಿಯಾಗಿ ಹಿಡಿದಿಡುವ ಚೌಕಟ್ಟು) ಮಾಡಿಕೊಂಡು, ಸ್ಕ್ರೂ ತಿರುಗಿಸುತ್ತಾ ನಿಧಾನಕ್ಕೆ ಬಿಡಬೇಕು.

ಸ್ಪ್ರಿಂಗನ್ನು ಕಿಟಕಿ ಗಾಜಿನ ಮೇಲೆ ಉರುಳಿಸಿದರೆ ಅದರ ಬಂಡವಾಳ ಬಯಲಾಗುತ್ತದೆ. ನನ್ನದು ಕುಂಟುತ್ತಾ ಹೋಗಿ ಅರ್ಧಕ್ಕೇ ನಿಂತಿತು. ಹಾಗಾಗಿ ಕಂಪನಿ ಅಳತೆಯದೇ ಹೊಸ ಸ್ಪ್ರಿಂಗ್ ತಂದು, ಎರಡೂ ತುದಿ ಎಣ್ಣೆಕಲ್ಲಿನ ಮೇಲೆ ಉಜ್ಜಿ ನುಣುಪು ಮಾಡಿದೆ. ಸ್ಪ್ರಿಂಗ್ ಒಳಗೆ ಕೂರುವ ಗೈಡ್ ಲೊಡಲೊಡ ಎನ್ನುತ್ತಿತ್ತು. ಹೊಡೆದಾಗ "ಟಂಯ್" ಅನ್ನುವ ಸದ್ದು ಅದರದ್ದೇ. ಪೀಣ್ಯದ ಒಂದು ಲೇತ್ ಶಾಪಿನಲ್ಲಿ ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕಡ್ಡಿಯಿಂದ ಹೊಸದು ಮಾಡಿಸಿದೆ.

"ಟಾಲರೆನ್ಸ್ ಎಷ್ಟಿಡ್ಲಿ ಸಾರ್?" ಎಂದರು ಟರ್ನರ್.

"ನಂಬರ್ ಬೇಡ. ಈ ಸ್ಪ್ರಿಂಗ್ ತಗೊಳ್ಳಿ. ತಿರುಗಿಸ್ತಾ ಒತ್ತಿದ್ರೆ ಮಾತ್ರ ಇಳೀಬೇಕು, ತಾನಾಗಿ ಬೀಳಬಾರ್ದು."

ಅವರು ಮೂರು ಸಲ ಉಜ್ಜಿ, ಹಾಕಿ ನೋಡಿ, ಕೊಟ್ಟರು. ಸದ್ದು ಈಗ ಬರೀ "ಠಪ್".

ಪಿಸ್ಟನ್ ಓಡಾಡುವ ಸಿಲಿಂಡರಿನಲ್ಲಿ ಒಂದು ಸೀಳು ಇರುತ್ತದಲ್ಲ, ಅದರ ಅಂಚಿನ ಸಣ್ಣ ಮುಳ್ಳುಗಳೇ ಪಿಸ್ಟನ್ ತಲೆಯ ವಾಷರನ್ನು (ಗಾಳಿ ಸೋರದಂತೆ ತಡೆಯುವ ಬಿಲ್ಲೆಯನ್ನು) ಹರಿಯುವುದು. ಸೂಕ್ಷ್ಮ ಅರದಿಂದ ಅವನ್ನು ತೆಗೆದು, ಎಮರಿ ಪೇಪರ್ ಆಡಿಸಿ, ಸೀಮೆಎಣ್ಣೆಯಲ್ಲಿ ತೊಳೆದು ಪೂರಾ ಒರೆಸಿ ಒಣಗಿಸಿದೆ. ಆಮೇಲೆ ಮಾಲಿಬ್ಡಿನಮ್ ಗ್ರೀಸ್, ಪಿಸ್ಟನ್ನಿನ ಬದಿಗಳಿಗೆ ಬೆರಳಿನಲ್ಲಿ ಸವರಿದಷ್ಟು ಮಾತ್ರ. ವಾಷರ್ ಮುಂದೆ ಎಣ್ಣೆ ಉಳಿದರೆ, ಗಾಳಿ ಅದುಮಿದ ಬಿಸಿಗೆ ಅದು ಹೊತ್ತಿಕೊಳ್ಳುತ್ತದೆ. ಡೀಸೆಲಿಂಗ್ ಎನ್ನುವುದು ಇದಕ್ಕೇ. ಹೊಗೆ, ಜೋರು ಸದ್ದು, ಕ್ರೋನೋಗ್ರಾಫಿನಲ್ಲಿ ಎತ್ತರದ ಅಂಕಿ. ಕೆಲವರು ಈ ಅಂಕಿಯ ಫೋಟೋ ತೆಗೆದು ಖುಷಿಪಡುತ್ತಾರೆ. ಮುಂದಿನ ಗುಂಡು ಅದಕ್ಕಿಂತ ಎಷ್ಟೋ ಕಡಿಮೆಯಲ್ಲಿ ಹೋಗುತ್ತದೆ, ವಾಷರ್ ಸುಟ್ಟು ಕೂರುತ್ತದೆ. ಕಟ್ಟಿದ ಮೇಲೆ ಮೊದಲ ಕೆಲವು ಡಜನ್ ಗುಂಡುಗಳ ಅಂಕಿ ಬರೆದುಕೊಳ್ಳುವುದೇ ಬೇಡ.

ಎಲ್ಲ ಕೂತ ಮೇಲೆ ಸರಾಸರಿ 212, ಹೆಚ್ಚುಕಮ್ಮಿ ಒಟ್ಟು ಐದಾರು ಮೀಟರ್. 0.53 ಗ್ರಾಮಿಗೆ ಇದು ಸುಮಾರು 12 ಜೂಲ್. ನಮ್ಮಲ್ಲಿ 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ ಲೈಸೆನ್ಸ್ ಬೇಡವೆಂದರೆ 4.5 ಮಿಮೀ ಮತ್ತು 20 ಜೂಲ್ ದಾಟಬಾರದು. ಇದೇ ಗುಂಡಿಗೆ ಆ ಗಡಿ ಬರುವುದು 274 ಮೀಟರಿನ ಹತ್ತಿರ. ತೋಟ ಇರುವ ನೆಂಟರೊಬ್ಬರು "ಮಂಗ ಓಡಿಸೋಕೆ ನಮ್ಮದಕ್ಕೂ ದಪ್ಪ ಸ್ಪ್ರಿಂಗ್ ಹಾಕಿಕೊಡೋ ಮಾರಾಯ" ಎಂದು ಗಂಟುಬಿದ್ದಿದ್ದರು. ಪ್ರಾಣಿಗೆ ಹೊಡೆಯುವ ಕೆಲಸಕ್ಕೆ ನಾನಿಲ್ಲ ಅಂದೆ. ಆ ಮಾತು ಬಿಟ್ಟರೂ ದಪ್ಪ ಸ್ಪ್ರಿಂಗ್ ಲಾಭದ ಬಾಬತ್ತಲ್ಲ. ಸಿಲಿಂಡರಿನಲ್ಲಿ ಇರುವ ಗಾಳಿ ಅಷ್ಟೇ, ಅದು ಹೊರಡುವ ತೂತೂ ಅಷ್ಟೇ. ಸ್ಪ್ರಿಂಗ್ ಬಿಗಿಯಾದರೆ ಪಿಸ್ಟನ್ ಕೊನೆಯಲ್ಲಿ ಪುಟಿದು ವಾಪಸ್ಸಾಗುತ್ತದೆ. ವೇಗ ಏರುವುದು ಸ್ವಲ್ಪ, ಜರ್ಕ್ ಏರುವುದು ಬಹಳ. ಸ್ಪ್ರಿಂಗ್ ರೈಫಲಿನಲ್ಲಿ ಈ ಜರ್ಕ್ ಶುರುವಾದಾಗ ಗುಂಡು ಇನ್ನೂ ಬ್ಯಾರಲಿನೊಳಗೇ ಇರುತ್ತದೆ. ಅದಕ್ಕೇ ನಾನು ಮುಂದಿನ ಕೈಯಲ್ಲಿ ಬಿಗಿಯಾಗಿ ಹಿಡಿಯುವುದಿಲ್ಲ, ಅಂಗೈ ಮೇಲೆ ಸುಮ್ಮನೆ ಮಲಗಿಸುತ್ತೇನೆ, ಪ್ರತಿ ಸಲವೂ ಅದೇ ಜಾಗದಲ್ಲಿ.

ಟ್ರಿಗರ್ ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಬ್ಯಾರಲ್ ಮಡಚಿ ಬೆರಳಿಟ್ಟು ಗುಂಡು ತುಂಬುವಾಗ ಅದು ಕೈಕೊಟ್ಟರೆ ಬೆರಳೇ ಹೋದೀತು. ಉಳಿದಿರುವ ಐದಾರು ಮೀಟರಿನ ಹೆಚ್ಚುಕಮ್ಮಿಯಲ್ಲಿ ಒಂದು ಪಾಲು, ಗುಂಡುಗಳ ಹಿಂಭಾಗದ ಅಳತೆಯದ್ದು ಎಂಬ ಅನುಮಾನ ಇದೆ. ಈಗ ಮೈಕ್ರೋಮೀಟರ್ ಹಿಡಿದು ಡಬ್ಬಿ ಮುಂದೆ ಕೂತಿದ್ದೇನೆ.