ಮೂರು ಸೈಕಲ್, ಒಂದು ಪುಟ್ಟ ಕಾರು: ಕ್ಯಾರಿಯರ್ ಆರಿಸಿದ ನನ್ನ ಅನುಭವ

ತುರಹಳ್ಳಿ ಕಾಡು ಬೆಂಗಳೂರಿನ ಜೆ.ಪಿ. ನಗರದ ನಮ್ಮ ಮನೆಯಿಂದ ದೂರವೇನಲ್ಲ. ನಾನೊಬ್ಬಳೇ ಆದರೆ ಸೈಕಲ್ ತುಳಿದುಕೊಂಡೇ ಹೋಗಿಬಿಡುತ್ತೇನೆ. ಆದರೆ ಹನ್ನೊಂದು ವರ್ಷದ ಮಗಳು, ಎಂಟು ವರ್ಷದ ಮಗ, ಇಬ್ಬರನ್ನೂ ಕನಕಪುರ ರಸ್ತೆಯಲ್ಲಿ ಬಸ್ಸು ಲಾರಿಗಳ ಪಕ್ಕ ಸೈಕಲ್ ಮೇಲೆ ಬಿಡುವ ಧೈರ್ಯ ನನಗಿಲ್ಲ. ಅಲ್ಲಿಯವರೆಗೆ ಸೈಕಲ್‌ಗಳನ್ನು ಕಾರಿನಲ್ಲೇ ಒಯ್ಯಬೇಕು. ಅಂಗಡಿಗೆ ಹೋಗಿ ಕಾರಿಗೆ ಸೈಕಲ್ ಕಟ್ಟಿಕೊಳ್ಳುವ ಒಂದು ಕ್ಯಾರಿಯರ್ ತಂದರೆ ಆಯ್ತಲ್ಲ ಅಂದುಕೊಂಡಿದ್ದೆ. ಸರಿಯಾದದ್ದು ಸಿಗುವ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು.

ಕ್ಯಾರಿಯರ್‌ನಲ್ಲಿ ಬಗೆಗಳಿವೆ. ಕಾರಿನ ಟಾಪ್ ಮೇಲೆ ಅಡ್ಡ ಕಂಬಿ ಹಾಕಿ ಸೈಕಲ್ ನಿಲ್ಲಿಸುವುದು ಒಂದು. ಡಿಕ್ಕಿ ಬಾಗಿಲಿಗೆ ಬೆಲ್ಟ್ ಬಿಗಿದು ಹಿಂದೆ ನೇತುಹಾಕುವುದು ಇನ್ನೊಂದು. ಹಿಂದಿನ ಬಾಗಿಲಿನ ಮೇಲೆ ಸ್ಟೆಪ್ನಿ ಇರುವ ಜೀಪಿನಂಥ ಗಾಡಿಗಳಿಗೆ ಸ್ಟೆಪ್ನಿಗೇ ಬಿಗಿಯುವ ಬಗೆ ಇದೆ. ಹೊರದೇಶಗಳಲ್ಲಿ ಟ್ರೇಲರ್ ಎಳೆಯುವ ಕೊಕ್ಕೆಗೆ ಸಿಕ್ಕಿಸುವುದು ಜಾಸ್ತಿ. ನಮ್ಮ ಹ್ಯಾಚ್‌ಬ್ಯಾಕಿಗೆ ಆ ಕೊಕ್ಕೆಯೂ ಇಲ್ಲ, ಸ್ಟೆಪ್ನಿ ಇರುವುದು ಡಿಕ್ಕಿಯೊಳಗೆ. ಹಾಗಾಗಿ ಉಳಿದದ್ದು ಎರಡೇ.

ಮೊದಲು ನನ್ನ ಕಣ್ಣು ಬಿದ್ದದ್ದು ಟಾಪ್ ಮೇಲಿನದರ ಮೇಲೆ. ಡಿಕ್ಕಿ ತೆಗೆಯಲು ಅಡ್ಡಿಯಿಲ್ಲ, ಹಿಂದಿನ ಗಾಜು ಪೂರ್ತಿ ಕಾಣುತ್ತದೆ, ನಂಬರ್ ಪ್ಲೇಟ್ ಮುಚ್ಚುವುದಿಲ್ಲ. ನಮ್ಮ ಕಾರಿನ ಟಾಪ್ ಮೇಲೆ ಎರಡೂ ಬದಿಗೆ ಉದ್ದಕ್ಕೂ ರೇಲ್ ಕೂಡ ಇತ್ತು. ಆದರೆ ಗ್ಯಾರೇಜಿನವರು ಅದನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ, "ಇದು ಬರೀ ಶೋಗೆ ಮೇಡಂ, ಇದರ ಮೇಲೆ ಭಾರ ಹಾಕಬೇಡಿ" ಅಂದರು. ಈಗಿನ ಎಷ್ಟೋ ಕಾರುಗಳಲ್ಲಿ ರೇಲ್ ಅಂದಕ್ಕೆ ಮಾತ್ರ ಇರುತ್ತದೆ. ಅದು ಭಾರ ಹೊರುತ್ತದೋ ಇಲ್ಲವೋ, ಟಾಪ್ ಎಷ್ಟು ಕಿಲೋ ತಡೆಯುತ್ತದೆ ಎನ್ನುವುದು ಕಾರಿನ ಜೊತೆ ಬರುವ ಪುಸ್ತಕದಲ್ಲಿ ಬರೆದಿರುತ್ತದೆ. ದಯವಿಟ್ಟು ಅದನ್ನು ತೆಗೆದು ಓದಿ. ಆ ಲೆಕ್ಕದಲ್ಲಿ ಕಂಬಿ, ಕ್ಯಾರಿಯರ್, ಸೈಕಲ್ ಎಲ್ಲದರ ತೂಕವೂ ಸೇರಬೇಕು.

ನಮ್ಮದೇ ಮಾಡೆಲ್ ಕಾರಿರುವ ಗೆಳತಿಯೊಬ್ಬಳು ಬಾಗಿಲ ಚೌಕಟ್ಟಿಗೆ ಕಚ್ಚಿಸುವ ಕಂಬಿಗಳನ್ನೂ ಕ್ಯಾರಿಯರನ್ನೂ ಒಂದು ಭಾನುವಾರಕ್ಕೆ ಕೊಟ್ಟಳು. ನನ್ನ ಸೈಕಲ್, ಮಗಳ ಸೈಕಲ್ ಎರಡನ್ನೂ ಮೇಲೇರಿಸಿ ನಂದಿ ಬೆಟ್ಟದ ತಪ್ಪಲಿಗೆ ಹೋದೆವು. ಹೋಗುತ್ತಾ ಯಾವ ತೊಂದರೆಯೂ ಇರಲಿಲ್ಲ. ವಾಪಸ್ ಬರುವಾಗ ಬಿಸಿಲು, ಹಸಿವು, ಹಿಂದಿನ ಸೀಟಿನಲ್ಲಿ ಮಕ್ಕಳಿಗೆ ನಿದ್ದೆ. ಅಪಾರ್ಟ್‌ಮೆಂಟಿನ ಗೇಟು ದಾಟಿ ದಿನಾ ಇಳಿಸುವ ಹಾಗೇ ಕಾರನ್ನು ಬೇಸ್‌ಮೆಂಟಿಗೆ ಇಳಿಸಲು ಹೊರಟೆ. ವಾಚ್‌ಮನ್ ಅಣ್ಣ "ನಿಲ್ಸಿ ಮೇಡಂ, ನಿಲ್ಸಿ, ಮೇಲೆ ಸೈಕಲ್ ಇದೆ!" ಎಂದು ಕೂಗುತ್ತಾ ಓಡಿಬಂದರು. ಬೀಮಿಗೂ ಮಗಳ ಸೈಕಲ್ಲಿಗೂ ಒಂದು ಮೊಳದ ಅಂತರವಿತ್ತು ಅಷ್ಟೇ. ಎದೆ ಹೊಡೆದುಕೊಂಡದ್ದು ಮನೆಗೆ ಹೋಗಿ ನೀರು ಕುಡಿದ ಮೇಲೂ ನಿಲ್ಲಲಿಲ್ಲ.

ಸಂಜೆ ಟೇಪ್ ಹಿಡಿದು ಅಳೆದೆ. ಕಾರು ಸುಮಾರು 1.5 ಮೀಟರ್ ಎತ್ತರ, ಅದರ ಮೇಲೆ ಸೈಕಲ್ಲಿನದು ಒಂದು ಮೀಟರಿಗಿಂತ ಜಾಸ್ತಿ. ಎರಡೂ ಸೇರಿ 2.6 ಮೀಟರ್ ದಾಟುತ್ತದೆ. ನಮ್ಮ ಬೇಸ್‌ಮೆಂಟಿನ ಎತ್ತರ 2.2 ಮೀಟರ್! ಬೆಂಗಳೂರಿನಲ್ಲಿ ಮಾಲ್ ಪಾರ್ಕಿಂಗ್ ಇದೆ, ತಗ್ಗಾದ ಅಂಡರ್‌ಪಾಸ್‌ಗಳಿವೆ, ಮ್ಯಾಜಿಕ್ ಬಾಕ್ಸ್ ಅನ್ನುವ ಸಿಮೆಂಟ್ ಪೆಟ್ಟಿಗೆಯಂಥ ಕಿರು ಅಂಡರ್‌ಪಾಸ್‌ಗಳಿವೆ. ಪ್ರತಿ ಸಲ ತಲೆಯ ಮೇಲೆ ಏನಿದೆ ಎಂದು ನೆನಪಿಟ್ಟುಕೊಂಡೇ ಓಡಿಸಬೇಕು. ಅದು ನನ್ನಿಂದ ಆಗದು ಅನ್ನಿಸಿತು. ಎತ್ತುವ ಪ್ರಶ್ನೆಯೂ ಇತ್ತಲ್ಲ. ನಮ್ಮೆಜಮಾನರಿಗೆ ಬೆನ್ನುನೋವು, ಡಾಕ್ಟರ್ ಭಾರ ಎತ್ತಬೇಡಿ ಅಂದಿದ್ದಾರೆ. "ನೀನೊಬ್ಬಳೇ ಎತ್ತೋಕಾದ್ರೆ ಮಾತ್ರ ತಗೋ, ನನ್ನ ನಂಬ್ಕೋಬೇಡ" ಎಂದು ಮೊದಲೇ ಹೇಳಿಬಿಟ್ಟಿದ್ದರು. ನಾನು ಐದಡಿ ಎರಡಿಂಚು. ಹದಿನಾಲ್ಕು ಕಿಲೋ ಸೈಕಲ್ಲನ್ನು ತಲೆಗಿಂತ ಮೇಲೆತ್ತಿ ಸರಿಯಾಗಿ ಕೂರಿಸುವುದು ಬೆಳಗಿನ ಜಾವ ಐದು ಗಂಟೆಗೆ ಸುಲಭವಲ್ಲ. ಹಿಂದೆ ನೇತುಹಾಕುವುದಾದರೆ ಎದೆಯ ಮಟ್ಟಕ್ಕೆ ಎತ್ತಿದರೆ ಸಾಕು. ಅಲ್ಲಿಗೆ ಡಿಕ್ಕಿಯ ಕ್ಯಾರಿಯರೇ ಎಂದು ನಿರ್ಧಾರವಾಯಿತು.

ಮುಂದೆ ತೂಕ. ಮನೆಯ ತೂಕದ ಯಂತ್ರದ ಮೇಲೆ ಮೊದಲು ನಾನೊಬ್ಬಳೇ ನಿಂತೆ, ಆಮೇಲೆ ಸೈಕಲ್ ಹಿಡಿದು ನಿಂತೆ. ನನ್ನದು 14.5 ಕಿಲೋ, ಮಗಳದು 12.5, ಮಗನ ಇಪ್ಪತ್ತು ಇಂಚಿನದು 11. ಒಟ್ಟು 38. ನಾನು ನೋಡಿದ ಕ್ಯಾರಿಯರ್ ಒಂದೊಂದು ಸೈಕಲ್ಲಿಗೆ 15 ಕಿಲೋ, ಮೂರೂ ಸೇರಿ 45 ಕಿಲೋ ತಡೆಯುವಂಥದ್ದು. ಬ್ಯಾಟರಿ ಸೈಕಲ್ ಇದ್ದವರು ಇಲ್ಲಿ ಹುಷಾರಾಗಿರಬೇಕು, ಅವು 20 ಕಿಲೋ ದಾಟುವುದು ಸಾಮಾನ್ಯ. ಇಂಥ ಬೆಲ್ಟಿನ ಕ್ಯಾರಿಯರ್ ಅವಕ್ಕಲ್ಲ.

ಅಂಗಡಿಯಲ್ಲಿ "ಎಲ್ಲಾ ಕಾರಿಗೂ ಕೂರತ್ತೆ ಮೇಡಂ" ಅಂದರು. ನನಗೆ ನಂಬಿಕೆ ಬರಲಿಲ್ಲ. ನನ್ನ ಕಾರಿಗೇ ಹಾಕಿ ತೋರಿಸಿ ಎಂದು ಕೇಳಿದೆ. ಒಳ್ಳೆಯದೇ ಆಯ್ತು. ಬೆಲ್ಟಿನ ಮೇಲಿನ ಕೊಕ್ಕೆಗಳು ಡಿಕ್ಕಿ ಬಾಗಿಲಿನ ಲೋಹದ ಅಂಚನ್ನು ಹಿಡಿಯಬೇಕು. ನಮ್ಮ ಕಾರಿಗೆ ಹಿಂದಿನ ಗಾಜಿನ ಮೇಲ್ಗಡೆ ರೆಕ್ಕೆಯಂತೆ ಚಾಚಿದ ಪ್ಲಾಸ್ಟಿಕ್ ಸ್ಪಾಯ್ಲರ್ ಇದೆ, ಮೊದಲನೆಯ ಕ್ಯಾರಿಯರಿನ ಕೊಕ್ಕೆ ನೇರ ಅದರ ಮೇಲೆ ಬಂತು. ಮೂರು ಸೈಕಲ್ ನೇತುಹಾಕಿ ಒಂದು ದೊಡ್ಡ ಹಂಪ್ ಹಾರಿಸಿದ್ದರೆ ಸ್ಪಾಯ್ಲರ್ ಸೀಳಿಹೋಗುತ್ತಿತ್ತು. ಬೇರೆ ಕಡೆ ಎರಡನೆಯದನ್ನು ಹಾಕಿ ನೋಡಿದಾಗ ಕೊಕ್ಕೆಗಳು ಸ್ಪಾಯ್ಲರಿನ ಎರಡೂ ಬದಿಯಲ್ಲಿ ಲೋಹಕ್ಕೇ ಕಚ್ಚಿದವು, ಕೆಳಗಿನ ರಬ್ಬರ್ ಕಾಲುಗಳು ಗಾಜನ್ನು ಬಿಟ್ಟು ಗಟ್ಟಿ ಜಾಗದ ಮೇಲೆ ಕೂತವು. ಅದನ್ನೇ ತಂದೆ. ಒಳ್ಳೆಯ ಕಂಪನಿಗಳು ಯಾವ ಮಾಡೆಲ್, ಯಾವ ವರ್ಷದ ಕಾರಿಗೆ ಯಾವುದು ಹೊಂದುತ್ತದೆ ಎಂಬ ಪಟ್ಟಿ ಕೊಡುತ್ತವೆ. ಅದನ್ನೂ ನೋಡಿ, ಹಾಕಿಸಿಯೂ ನೋಡಿ.

ಮಗಳದು ಲೇಡೀಸ್ ಸೈಕಲ್. ಮೇಲಿನ ಬಾರ್ ಇಲ್ಲ, ಕ್ಯಾರಿಯರಿನ ತೋಳು ಎಲ್ಲಿ ಹಿಡಿಯಬೇಕು? ಇದಕ್ಕೆ ಸೀಟಿನ ಕೊಳವೆಯಿಂದ ಹ್ಯಾಂಡಲ್ಲಿನ ಬುಡಕ್ಕೆ ಸಿಕ್ಕಿಸುವ ಒಂದು ಅಡ್ಡ ಕಂಬಿ ಬೇರೆಯಾಗಿ ಸಿಗುತ್ತದೆ. ಕ್ಯಾರಿಯರ್ ತರುವಾಗಲೇ ಅದನ್ನೂ ತನ್ನಿ. ಕಾರ್ಬನ್ ಫೈಬರ್ ಫ್ರೇಮಿನ ಸೈಕಲ್ ಇರುವವರು ಬಾರನ್ನು ಬಿಗಿಹಿಡಿಯುವ ಕ್ಯಾರಿಯರ್ ಬಿಟ್ಟು ಚಕ್ರ ಹಿಡಿಯುವಂಥದ್ದನ್ನು ನೋಡಿ, ಬಿಗಿತಕ್ಕೆ ಕಾರ್ಬನ್ ಬಿರುಕು ಬಿಡಬಹುದು.

ಮೊದಲ ದೂರದ ಓಡಾಟ ಮೈಸೂರಿಗೆ, ಅತ್ತೆ ಮನೆಗೆ. ಹೆದ್ದಾರಿಯಲ್ಲಿ 100ರವರೆಗೆ ಹೋಗಬಹುದು, ನಾನು 80 ದಾಟಲಿಲ್ಲ. ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ಇಳಿದಾಗ ಬೆಲ್ಟ್ ಮುಟ್ಟಿ ನೋಡಿದರೆ ಎರಡು ಬೆರಳು ತೂರುವಷ್ಟು ಸಡಿಲವಾಗಿತ್ತು. ಹೊರಡುವಾಗ ಎಷ್ಟೇ ಬಿಗಿದಿದ್ದರೂ ಮೊದಲ ಹತ್ತಿಪ್ಪತ್ತು ಕಿಲೋಮೀಟರಿನಲ್ಲಿ ಅದು ಕೂತುಕೊಂಡು ಸಡಿಲವಾಗುತ್ತದೆ. ಈಗ ನೈಸ್ ಟೋಲ್ ರಸ್ತೆ ಹತ್ತುವ ಮೊದಲೇ ಒಮ್ಮೆ ನಿಲ್ಲಿಸಿ ಎಳೆದು ಬಿಗಿಯುತ್ತೇನೆ. ಜೋತಾಡುವ ಬೆಲ್ಟಿನ ತುದಿಯನ್ನು ಸುತ್ತಿ ಕಟ್ಟುತ್ತೇನೆ, ಇಲ್ಲದಿದ್ದರೆ ಗಾಳಿಗೆ ಪಟಪಟ ಹೊಡೆದು ಪೇಂಟ್ ಕೆರೆದುಬಿಡುತ್ತದೆ. ರಬ್ಬರ್ ಕಾಲು ಕೂರುವ ಜಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದೂ ಅದಕ್ಕೇ, ಧೂಳಿನ ಮೇಲೆ ಕೂರಿಸಿದರೆ ಮರಳು ಕಾಗದದಿಂದ ಉಜ್ಜಿದ ಹಾಗೆ.

ಊರೊಳಗೆ ನನಗೆ ಜಾಸ್ತಿ ಚಿಂತೆ ಅಗಲದ್ದು. ದೊಡ್ಡವರ ಸೈಕಲ್ಲಿನ ಉದ್ದ 1.7 ಮೀಟರ್ ಮೇಲೆ, ನಮ್ಮ ಕಾರಿನ ಅಗಲವೂ ಹತ್ತಿರ ಹತ್ತಿರ ಅಷ್ಟೇ. ಚಕ್ರ ಒಂದು ಬದಿಯಲ್ಲಿ ಸ್ವಲ್ಪ ಹೊರಚಾಚುತ್ತದೆ. ನಮ್ಮಲ್ಲಿ ಸ್ಕೂಟರ್‌ಗಳು ಕಾರನ್ನು ಒರೆಸಿಕೊಂಡೇ ಹೋಗುತ್ತವೆ ಅಲ್ವಾ? ಪಾಪ, ಅವರಿಗೆ ತಾಗಿದರೆ? ಅದಕ್ಕೇ ನನ್ನ ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿ ಡಿಕ್ಕಿಗೆ ಹಾಕುತ್ತೇನೆ. ಇದನ್ನು ಕ್ಯಾರಿಯರ್ ಕಟ್ಟುವ ಮೊದಲೇ ಮಾಡಬೇಕು, ಕಟ್ಟಿದ ಮೇಲೆ ಡಿಕ್ಕಿ ತೆಗೆಯುವ ಹಾಗಿಲ್ಲ. ತಿಂಡಿ, ನೀರು, ಪಂಪು ಎಲ್ಲಾ ಮೊದಲೇ ಒಳಗೆ. ಹಿಂದಿನ ವೈಪರ್ ಹಾಕಬಾರದು. ಯಾವ ಟೈರೂ ಸೈಲೆನ್ಸರ್ ಹೊಗೆಗೆ ನೇರ ಇರಬಾರದು, ಬಿಸಿಗೆ ರಬ್ಬರ್ ಹಾಳಾಗುತ್ತದೆ.

ಕೊನೆಗೆ ಹತ್ತು ಹೆಜ್ಜೆ ಹಿಂದೆ ನಿಂತು ನೋಡುತ್ತೇನೆ. ನಂಬರ್ ಪ್ಲೇಟ್, ಎರಡೂ ಬ್ರೇಕ್ ಲೈಟ್, ಇಂಡಿಕೇಟರ್ ಕಾಣಲೇಬೇಕು. ಮೊದಲ ಸಲ ಮಗನ ಸೈಕಲ್ಲಿನ ಚಕ್ರ ಪ್ಲೇಟಿಗೆ ಅಡ್ಡ ಬಂದಿತ್ತು. ಕ್ಯಾರಿಯರಿನ ತೋಳನ್ನು ಮೇಲಕ್ಕೇರಿಸಿ, ಸೈಕಲ್ಲನ್ನು ತಿರುಗಿಸಿ ಹಾಕಿದ ಮೇಲೆ ಸರಿಹೋಯಿತು. ನಾನು ಬ್ರೇಕ್ ಒತ್ತುತ್ತೇನೆ, ಮಗಳು ಹಿಂದೆ ನಿಂತು "ಎರಡೂ ಕಾಣತ್ತಮ್ಮಾ" ಅಂದರೆ ಹೊರಡುತ್ತೇವೆ.